ತಿರುವಿನಲ್ಲಿ ನೂರು ಮೀಟರ್: ದೊರಾಬ್ಜಿ ಟಾಟಾ ಮತ್ತು ಬರಿಗಾಲಿನ ಓಟಗಾರರು

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದವರು ತಮ್ಮ ಕ್ರೀಡಾಕೂಟದ ಏರ್ಪಾಟಿಗೆ ಒಂದು ಸಭೆ ಸೇರಿದ್ದರು. ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಅರವತ್ತರ ಆಸುಪಾಸಿನ ಸರ್ ದೊರಾಬ್ಜಿ ಟಾಟಾ. ನೂರು ಮೀಟರ್ ಓಟವನ್ನು ಮೈದಾನದ ತಿರುವಿನಲ್ಲೇ ಓಡಿಸುವುದೆಂದು ಸಂಘಟಕರು ತೀರ್ಮಾನಿಸಿದ್ದರು. ಓಟಗಾರರ ನಡುವೆ ದಾರ ಕಟ್ಟಿ ಸಾಲು ಬೇರೆ ಮಾಡುವ ಯೋಚನೆಯೂ ಅವರಿಗಿರಲಿಲ್ಲ. ತಿರುವಿನಲ್ಲಿ ಸಾಲುಗಳಿಲ್ಲದೆ ಓಡಿದರೆ ಒಳಮಗ್ಗುಲಿನವನಿಗೆ ದಾರಿ ಕಡಿಮೆ, ಹೊರಮಗ್ಗುಲಿನವನಿಗೆ ಹೆಚ್ಚು. ಕೇಂಬ್ರಿಜ್‌ನಲ್ಲಿ ಓದಿಬಂದ ದೊರಾಬ್ಜಿಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ಮೈದಾನವೇ ಸಣ್ಣದು, ರೋಲರ್ ಕಾಣದ ಹುಲ್ಲುಗಾವಲು, ನೂರು ಮೀಟರಿನ ನೇರ ದಾರಿ ಅಲ್ಲಿ ಸಿಗುತ್ತಲೇ ಇರಲಿಲ್ಲ. ಓಟ ಅಂದರೆ ಓಟ, ಅದಕ್ಕೆ ದಾರ ಯಾಕೆ, ನೇರ ಯಾಕೆ ಎಂಬುದು ಅಲ್ಲಿಯವರ ಸರಳ ತರ್ಕ.

ಕ್ರೀಡಾಕೂಟದ ದಿನ ಅಧ್ಯಕ್ಷರಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಓಡಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಕಾಲಿಗೆ ಬೂಟಿಲ್ಲ, ಹೊಟ್ಟೆಗೆ ಸರಿಯಾದ ಊಟವಿಲ್ಲ, ತರಬೇತಿ ಎಂಬ ಮಾತೇ ಅವರಿಗೆ ಗೊತ್ತಿಲ್ಲ. ಆದರೂ ಕೆಲವು ಓಟಗಳಲ್ಲಿ ಅವರು ತೆಗೆದುಕೊಂಡ ಸಮಯ ಯುರೋಪಿನ ಪಳಗಿದ ಓಟಗಾರರ ಸಮಯಕ್ಕಿಂತ ಅಷ್ಟೇನೂ ದೂರವಿರಲಿಲ್ಲ. ಅಲ್ಲಿಗೆ ಬಂದಿದ್ದ ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರಿಗೆ ದೊರಾಬ್ಜಿ ಇದನ್ನು ತೋರಿಸಿ, ಮುಂದಿನ ವರ್ಷ ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ನಡೆಯುವ ಒಲಿಂಪಿಕ್ಸಿಗೆ ಇಂಡಿಯಾದಿಂದ ಯಾಕೆ ಯಾರನ್ನಾದರೂ ಕಳಿಸಬಾರದು ಎಂದು ಕೇಳಿದರು. ಹತ್ತು ವರ್ಷದ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರೇ ಈ ಸಂಗತಿಯನ್ನು ಹೇಳಿಕೊಂಡಿದ್ದಾರೆ. ಭಾರತದ ಒಲಿಂಪಿಕ್ ಚಳವಳಿ ಶುರುವಾದದ್ದು ಹೀಗೆ, ಒಂದು ಸಣ್ಣ ಮೈದಾನದ ತಿರುವಿನಲ್ಲಿ.

ದೊರಾಬ್ಜಿಯನ್ನು ನಾವು ಸಾಮಾನ್ಯವಾಗಿ ನೆನೆಯುವುದು ಜಮ್‌ಶೆಟ್‌ಜಿ ಟಾಟಾರ ಮಗ ಎಂದು. ತಂದೆ ಕನಸು ಕಂಡರು, ಮಗ ನನಸು ಮಾಡಿದರು ಎಂಬ ಒಂದು ವಾಕ್ಯದಲ್ಲಿ ಅವರ ಕಥೆ ಮುಗಿದುಹೋಗುತ್ತದೆ. ಉಕ್ಕು, ವಿದ್ಯುತ್ತು, ವಿಜ್ಞಾನ ಸಂಸ್ಥೆಗಳ ಮಟ್ಟಿಗೆ ಅದು ನಿಜವೇ. ಆದರೆ ಆಟದ ಹುಚ್ಚು ಮಾತ್ರ ತಂದೆಯಿಂದ ಬಂದ ಆಸ್ತಿಯಲ್ಲ, ಅದು ಅವರ ಸ್ವಂತದ್ದು.

ಅವರು ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಾಯಿ ಹೀರಾಬಾಯಿ. ತಮ್ಮ ರತನ್‌ಜಿ ಹುಟ್ಟಿದ್ದು ಇನ್ನೂ ಹನ್ನೆರಡು ವರ್ಷದ ನಂತರ, 1871ರಲ್ಲಿ. ಅಣ್ಣತಮ್ಮಂದಿರ ನಡುವೆ ಇಷ್ಟು ಅಂತರವಿದ್ದಾಗ ಅಣ್ಣನೇ ಅರ್ಧ ತಂದೆಯಾಗುವುದು ನಮ್ಮ ಮನೆಗಳಲ್ಲೂ ಕಂಡದ್ದೇ. 1875ರಲ್ಲಿ ದೊರಾಬ್ಜಿಯನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಎರಡು ವರ್ಷ ಮನೆಪಾಠ, ಆಮೇಲೆ ಎರಡು ವರ್ಷ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು. ಅಲ್ಲಿ ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿ ಹುಟ್ಟು ಹಾಕುವುದು, ಕುದುರೆ ಸವಾರಿ, ಯಾವುದನ್ನೂ ಬಿಡಲಿಲ್ಲ. 1879ರಲ್ಲಿ ಪದವಿ ಇಲ್ಲದೆಯೇ ಮುಂಬಯಿಗೆ ಮರಳಿದರು. ಸೇಂಟ್ ಝೇವಿಯರ್ಸ್ ಕಾಲೇಜು ಸೇರಿ 1882ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿದರು. ಮುಂಬಯಿಯಿಂದ ಪುಣೆಯ ಪಕ್ಕದ ಖಡಕಿಯವರೆಗೆ ಒಂಬತ್ತು ಗಂಟೆಯಲ್ಲಿ ಕುದುರೆ ಓಡಿಸಿಕೊಂಡು ಹೋಗಿದ್ದರು ಎಂಬ ಕಥೆ ಅವರ ಬಗ್ಗೆ ಪ್ರಚಲಿತವಾಗಿದೆ. ನಡುವೆ ಸಹ್ಯಾದ್ರಿಯ ಘಟ್ಟ ಹತ್ತಬೇಕು ಎಂಬುದನ್ನು ನೆನೆದರೆ ಕುದುರೆಯ ಮೇಲೂ ಕನಿಕರ ಹುಟ್ಟುತ್ತದೆ.

ಪದವಿ ಸಿಕ್ಕಿದ ಮೇಲೆ ಅವರು ನೇರವಾಗಿ ಗಿರಣಿಗೆ ಹೋಗಿ ಕೂರಲಿಲ್ಲ. ಎರಡು ವರ್ಷ 'ಬಾಂಬೆ ಗೆಜೆಟ್' ಪತ್ರಿಕೆಯಲ್ಲಿ ಪತ್ರಕರ್ತರಾಗಿದ್ದರು. 1884ರಲ್ಲಿ ತಂದೆಯ ಹತ್ತಿ ವ್ಯವಹಾರಕ್ಕೆ ಸೇರಿದಾಗ ಮೊದಲು ಸಿಕ್ಕ ಕೆಲಸ, ಫ್ರೆಂಚರ ಪಾಂಡಿಚೇರಿಯಲ್ಲಿ ಒಂದು ಬಟ್ಟೆ ಗಿರಣಿ ಹಾಕಿದರೆ ಗಿಟ್ಟುತ್ತದೆಯೇ ಎಂದು ನೋಡಿಬರುವುದು. ಅದಾದ ಮೇಲೆ ನಾಗಪುರದ ಎಂಪ್ರೆಸ್ ಮಿಲ್ಸಿನಲ್ಲಿ ವ್ಯಾಪಾರ ಕಲಿತರು.

ಈ ವರ್ಷಗಳಲ್ಲೇ ಅವರ ಮನಸ್ಸು ಮುಂಬಯಿಯ ಶಾಲೆಗಳ ಕಡೆ ಹೊರಳಿತ್ತು. ಅಂದಿನ ಪ್ರೌಢಶಾಲೆಗಳಲ್ಲಿ ಆಟಕ್ಕೆ ಜಾಗವೇ ಇರಲಿಲ್ಲ. ಓದಿದವನು ಗುಮಾಸ್ತನಾಗುತ್ತಾನೆ, ಆಡಿದವನು ಪೋಲಿಯಾಗುತ್ತಾನೆ ಎಂಬ ನಂಬಿಕೆ ಹಿರಿಯರದು. ದೊರಾಬ್ಜಿ ಕೆಲವು ಇಂಗ್ಲಿಷ್ ಗೆಳೆಯರ ಜೊತೆ ಸೇರಿ ಮುಂಬಯಿಯ ಪ್ರೌಢಶಾಲೆಗಳ ಅಥ್ಲೆಟಿಕ್ ಸಂಘವೊಂದನ್ನು ಕಟ್ಟಿ, ತಾವೇ ಅದರ ಕಾರ್ಯದರ್ಶಿಯಾದರು. ಮೊದಲು ಶಾಲೆಗಳ ನಡುವೆ ಕ್ರಿಕೆಟ್ ಪಂದ್ಯಗಳು, ಆಮೇಲೆ ಓಟ, ಜಿಗಿತ, ಎಸೆತಗಳ ಕೂಟಗಳು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ನಡುವೆ ನಡೆಯುತ್ತಿದ್ದ ಸ್ಪರ್ಧೆಗಳ ಪಟ್ಟಿಯನ್ನೇ ಹೆಚ್ಚುಕಡಿಮೆ ಇಳಿಸಿಕೊಂಡಿದ್ದರು. ಮುಂಬಯಿಯ ಶಾಲಾ ಕ್ರಿಕೆಟ್‌ನ ಹ್ಯಾರಿಸ್ ಶೀಲ್ಡ್ ಹುಟ್ಟಿದ್ದೂ 1890ರ ದಶಕದಲ್ಲೇ. ಸುಮಾರು ತೊಂಬತ್ತು ವರ್ಷದ ಮೇಲೆ, 1988ರಲ್ಲಿ, ಅದೇ ಶೀಲ್ಡಿನ ಒಂದು ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಹುಡುಗರು ಔಟಾಗದೆ 664 ಓಟಗಳ ಜೊತೆಯಾಟ ಆಡಿದರು.

ಕಾರ್ಯದರ್ಶಿಯ ಕೆಲಸ ಎಂದರೆ ಏನು ಎಂದು ಯಾವುದಾದರೂ ಸಂಘ ನಡೆಸಿದವರಿಗೆ ಗೊತ್ತು. ಚಂದಾ ಎತ್ತಬೇಕು, ಮೈದಾನ ಬೇಡಿ ತರಬೇಕು, ಹೆಡ್‌ಮಾಸ್ತರರ ಮುನಿಸು ತಣಿಸಬೇಕು. ಶ್ರೀಮಂತರು ಸಾಮಾನ್ಯವಾಗಿ ಪೋಷಕರ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡು ಬಹುಮಾನ ಹಂಚುವ ದಿನ ಬರುತ್ತಾರೆ. ದೊರಾಬ್ಜಿ ಕಾರ್ಯದರ್ಶಿಯಾದರು ಎಂಬುದೇ ನನಗೆ ಅವರ ಎಷ್ಟೋ ದಾನಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಮೈಸೂರಿನ ನಂಟು. ಜಮ್‌ಶೆಟ್‌ಜಿಗೆ ಮೈಸೂರು ಸಂಸ್ಥಾನ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ಸಾಕಣೆಯ ತೋಟ ಮಾಡಿಸಿದ್ದರು. ಬಸವನಗುಡಿಯ ಕಡೆಯವರ ಬಾಯಲ್ಲಿ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಇವತ್ತಿಗೂ ಉಳಿದಿದೆ, ರೇಷ್ಮೆಹುಳು ಮಾತ್ರ ಇಲ್ಲ. ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಹಾರ್ಮಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರು. ಮಗನನ್ನು ಮೈಸೂರಿನ ಕಡೆ ಕಳಿಸುವಾಗ ಜಮ್‌ಶೆಟ್‌ಜಿ, ಭಾಭಾ ಅವರನ್ನು ತಪ್ಪದೆ ಕಂಡು ಬಾ ಎಂದು ಹೇಳಿದ್ದರಂತೆ. ಹೇಳುವಾಗ ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂಬುದು ತಂದೆಗೆ ಗೊತ್ತಿತ್ತೇ? ಗೊತ್ತಿಲ್ಲದೆ ಹೇಳಿರಲಾರರು ಎಂದೇ ನನ್ನ ಗುಮಾನಿ.

ಆ ಮಗಳು ಮೆಹರ್‌ಬಾಯಿ. ಬಾಲ್ಯ ಕಳೆದದ್ದು, ಶಾಲೆಗೆ ಹೋದದ್ದು ಬೆಂಗಳೂರಿನಲ್ಲಿ. ದೊರಾಬ್ಜಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮದುವೆಯಾಯಿತು. ಆಕೆಯೂ ಆಟದ ಹುಚ್ಚಿನವರೇ ಎಂಬುದು ಈ ದಾಂಪತ್ಯದ ಸೊಗಸು. ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನಗಳನ್ನು ಗೆದ್ದವರು, ಕುದುರೆ ಸವಾರಿ ಬಲ್ಲವರು. ಆಕೆ ಬರೀ ಟಾಟಾ ಮನೆಯ ಸೊಸೆಯಾಗಿ ಉಳಿಯಲಿಲ್ಲ. ಹೆಣ್ಣುಮಕ್ಕಳ ಓದು, ಮತದಾನದ ಹಕ್ಕು, ಬಾಲ್ಯವಿವಾಹದ ವಿರುದ್ಧದ ಕಾನೂನು, ಎಲ್ಲದಕ್ಕೂ ಓಡಾಡಿದರು. 1927ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟ್ಲ್ ಕ್ರೀಕ್‌ನಲ್ಲಿ ಭಾರತದ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ಉಪನ್ಯಾಸ ಕೊಟ್ಟರು. ದಂಪತಿಗೆ ಮಕ್ಕಳಾಗಲಿಲ್ಲ.

ಜಮ್‌ಶೆಟ್‌ಜಿ 1904ರ ಮೇ ತಿಂಗಳಲ್ಲಿ ಜರ್ಮನಿಯ ಬಾಟ್ ನಾವ್‌ಹೈಮ್‌ನಲ್ಲಿ ತೀರಿಕೊಂಡಾಗ ಅವರ ಮೂರು ದೊಡ್ಡ ಯೋಜನೆಗಳೂ ಕಾಗದದಲ್ಲೇ ಇದ್ದವು: ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನದ ಸಂಸ್ಥೆ. ಈ ಭಾಗದ ಕಥೆ ಬಹಳಷ್ಟು ಕಡೆ ಬಂದಿದೆ, ಇಲ್ಲಿ ಬೇಗ ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ತಂದೆ ಕೊಟ್ಟ ಮಾತನ್ನು ಉಳಿಸಿದರು. ಸಂಸ್ಥಾನ 1907ರಲ್ಲಿ ಬೆಂಗಳೂರಿನಲ್ಲಿ 371 ಎಕರೆ ಜಮೀನು ಕೊಟ್ಟಿತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು, ಬೆಂಗಳೂರಿನ ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಉಕ್ಕಿನ ವಿಷಯದಲ್ಲಿ ದೊರಾಬ್ಜಿಯದು ನಿಜವಾಗಿ ಕಾಡುಮೇಡು ಅಲೆದ ಕೆಲಸ. ಅಮೆರಿಕದ ತಜ್ಞರ ಜೊತೆ ಎತ್ತಿನಗಾಡಿಯಲ್ಲಿ ತಿರುಗಿ, ಅದಿರು ಸಿಗದೆ ಕೈಚೆಲ್ಲುವ ಸ್ಥಿತಿ ಬಂದಾಗ, ಯೋಜನೆ ಬಿಡುತ್ತೇವೆಂದು ತಿಳಿಸಲು ನಾಗಪುರದಲ್ಲಿ ಅಧಿಕಾರಿಯೊಬ್ಬರನ್ನು ಕಾಣಲು ಹೋದರು. ಅವರು ಸಿಗಲಿಲ್ಲ. ಕಾಯುತ್ತಾ ಎದುರಿನ ಮ್ಯೂಸಿಯಮ್ಮಿಗೆ ಕಾಲಿಟ್ಟರೆ ಗೋಡೆಯ ಮೇಲೆ ಭೂವಿಜ್ಞಾನದ ನಕ್ಷೆ. ಅದರಲ್ಲಿ ದುರ್ಗ್ ಜಿಲ್ಲೆಗೆ ಕಬ್ಬಿಣದ ಅದಿರಿನ ಗಾಢ ಬಣ್ಣ. ಅಧಿಕಾರಿ ಹೊತ್ತಿಗೆ ಸರಿಯಾಗಿ ಕಚೇರಿಯಲ್ಲಿ ಇದ್ದುಬಿಟ್ಟಿದ್ದರೆ ಏನಾಗುತ್ತಿತ್ತೋ! ಕೊನೆಗೆ ಭೂವಿಜ್ಞಾನಿ ಪ್ರಮಥನಾಥ ಬೋಸರು ತೋರಿಸಿದ ಮಯೂರಭಂಜದ ಅದಿರಿನಿಂದಲೇ ಕಾರ್ಖಾನೆ ನಿಂತಿತು. ಲಂಡನ್ನಿನ ಬ್ಯಾಂಕುಗಳು ಬಂಡವಾಳಕ್ಕೆ ಮುಖ ತಿರುಗಿಸಿದಾಗ, 1907ರ ಸ್ವದೇಶಿಯ ಬಿಸಿಯಲ್ಲಿ ಸುಮಾರು 8,000 ಭಾರತೀಯರು ಕೆಲವೇ ವಾರಗಳಲ್ಲಿ ಷೇರು ಕೊಂಡರು. 1912ರಲ್ಲಿ ಮೊದಲ ಉಕ್ಕು ಹೊರಬಂತು. ಆ ನಡುವೆ, 1910ರಲ್ಲಿ, ದೊರಾಬ್ಜಿಗೆ ಸರ್ ಪದವಿಯೂ ಬಂದಿತ್ತು.

ಉಕ್ಕಿನ ಊರು ಹೇಗಿರಬೇಕು ಎಂದು ತಂದೆ ಮಗನಿಗೆ 1902ರಲ್ಲೇ ಪತ್ರ ಬರೆದಿದ್ದರು. ಅಗಲ ಬೀದಿ, ನೆರಳಿನ ಮರ, ಗುಡಿ-ಮಸೀದಿ-ಚರ್ಚುಗಳಿಗೆ ಜಾಗ. ಆ ಪಟ್ಟಿಯಲ್ಲಿ ಫುಟ್‌ಬಾಲ್, ಹಾಕಿ ಮೈದಾನಗಳೂ ಇದ್ದವು. ಆಟದ ಹುಚ್ಚು ಮಗನದು ಎಂದೆ, ನಿಜ. ಆದರೆ ಮಗನ ಹುಚ್ಚು ತಂದೆಗೂ ಸ್ವಲ್ಪ ಅಂಟಿತ್ತೇನೋ.

ಮತ್ತೆ ಪುಣೆಗೆ ಬರೋಣ. ಗವರ್ನರರ ನೆರವಿನಿಂದ ಅನುಮತಿ ಸಿಕ್ಕಿ, ಇಂಡಿಯಾ ಆಂಟ್ವರ್ಪ್‌ಗೆ ತಂಡ ಕಳಿಸಬಹುದೆಂದಾಯಿತು. ಮೂವರು ಓಟಗಾರರ ಖರ್ಚನ್ನು ದೊರಾಬ್ಜಿ ತಾವೇ ಹೊತ್ತರು. ಒಂದು ಸಮಿತಿ ಹುಟ್ಟಿ ಚಂದಾ ಎತ್ತಿದ ಮೇಲೆ ತಂಡ ಸ್ವಲ್ಪ ದೊಡ್ಡದಾಯಿತು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಬಂಗಾಳದ ಪೂರ್ಮಾ ಬ್ಯಾನರ್ಜಿ ಕಡಿಮೆ ದೂರದ ಓಟಗಳಿಗೆ. ಉಳಿದವರು ಹೆಚ್ಚಾಗಿ ದಖ್ಖನ್ನಿನ ಕಡೆಯವರು: ದಾತಾರ್, ಕೈಕಾಡಿ, ನವಲೆ, ಶಿಂದೆ. ಮತ್ತೆ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಫಡೆಪ್ಪ, ದರೆಪ್ಪ. ಎರಡೂ ಅಪ್ಪಟ ಬೆಳಗಾವಿ ಸೀಮೆಯ ಅಪ್ಪಂದಿರ ಹೆಸರುಗಳು, ಹಿಂದೆ ಮರಾಠಿ ಅಡ್ಡಹೆಸರು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1920ರ ಆಗಸ್ಟ್ 22ರಂದು ಆಂಟ್ವರ್ಪ್‌ನಲ್ಲಿ ನಡೆದ ಮ್ಯಾರಥಾನ್ ಈಗಿನದಕ್ಕಿಂತ ಸ್ವಲ್ಪ ಉದ್ದ, 42.75 ಕಿಲೋಮೀಟರ್. ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನನ್ ಅದನ್ನು 2 ಗಂಟೆ 32 ನಿಮಿಷ ಚಿಲ್ಲರೆಯಲ್ಲಿ ಓಡಿ ಗೆದ್ದ. ಚೌಗುಲೆ 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಅವರ ಜೊತೆ ಹೊರಟಿದ್ದ ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ. ಕುಸ್ತಿಯಲ್ಲಿ ಶಿಂದೆ ಕಂಚಿನ ಪದಕದ ಕುಸ್ತಿಯವರೆಗೂ ಹೋಗಿ ಅಲ್ಲಿ ಸೋತರು, ನಾಲ್ಕನೆಯ ಸ್ಥಾನ. ಬ್ಯಾನರ್ಜಿ ಮೊದಲ ಸುತ್ತು ದಾಟಲಿಲ್ಲ.

ಪದಕಗಳ ಲೆಕ್ಕದಲ್ಲಿ ಸೊನ್ನೆ. ಆದರೆ ಈ ಹತ್ತೊಂಬತ್ತನೆಯ ಸ್ಥಾನವನ್ನು ಬೇರೆ ಲೆಕ್ಕದಲ್ಲೂ ನೋಡಬಹುದು. ಉಬ್ಬುತಗ್ಗಿನ ನೆಲದಲ್ಲಿ ಬರಿಗಾಲಲ್ಲಿ ಓಡಿದವರ ಕೂಟದಿಂದ ಬಂದ ಒಬ್ಬ, ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಕೆಲವು ವಾರಗಳ ತರಬೇತಿಯಲ್ಲಿ ಮೈಯನ್ನು ಹೊಸ ನೆಲಕ್ಕೆ, ಹೊಸ ಊಟಕ್ಕೆ, ಹೊಸ ಹವಕ್ಕೆ ಒಗ್ಗಿಸಿಕೊಂಡು, ಲೋಕದ ಪಳಗಿದ ಓಟಗಾರರ ಸಾಲಿನಲ್ಲಿ ಹತ್ತೊಂಬತ್ತನೆಯವನಾದ. ಕರ್ನಾಟಕದ ಕ್ರೀಡಾ ಚರಿತ್ರೆ ಬರೆಯುವವರು ಮೊದಲ ಅಧ್ಯಾಯವನ್ನು ಇಲ್ಲಿಂದ ತೆಗೆಯಬಹುದಿತ್ತು. ನಮಗೆ ಚೌಗುಲೆಯ ಹೆಸರೇ ಅಷ್ಟಾಗಿ ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಖದ ಕಥೆಯಾಗುತ್ತಿತ್ತು. ಆದರೆ ಇತಿಹಾಸ ಹಾಗೆ ಒಂದೇ ಮೈದಾನದಲ್ಲಿ ನಿಲ್ಲುವುದಿಲ್ಲ.

ಪುಣೆಯಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಮುಳಶಿ. ಸಹ್ಯಾದ್ರಿಯ ಸೆರಗಿನ ಕಣಿವೆ, ಮಳೆ ಚೆನ್ನಾಗಿ ಬೀಳುವ ಸೀಮೆ, ಭತ್ತದ ಗದ್ದೆಗಳು. ಅಲ್ಲಿ ಉಳುತ್ತಿದ್ದವರು ಮಾವಳರು, ಶಿವಾಜಿಯ ಸೈನ್ಯದ ಕಾಲಾಳುಗಳ ವಂಶದವರು. ಮುಂಬಯಿಯ ಗಿರಣಿಗಳಿಗೆ, ರೈಲಿಗೆ ವಿದ್ಯುತ್ತು ಬೇಕಾಗಿತ್ತು. ಟಾಟಾ ಕಂಪನಿ ಅಲ್ಲಿ ಅಣೆಕಟ್ಟಿನ ಕೆಲಸಕ್ಕೆ ಕೈಹಾಕಿತು, ಸರ್ಕಾರ 1894ರ ಭೂಸ್ವಾಧೀನ ಕಾಯ್ದೆಯನ್ನು ಬಳಸಿ ಜಮೀನು ತೆಗೆದುಕೊಳ್ಳಲು ಹೊರಟಿತು. 1921ರ ಏಪ್ರಿಲ್‌ನಲ್ಲಿ ಮಾವಳರು ಅಣೆಕಟ್ಟಿನ ಜಾಗದಲ್ಲಿ ಕುಳಿತು ಸತ್ಯಾಗ್ರಹ ಶುರುಮಾಡಿದರು. ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಅಂಟಿದ್ದು ಈ ಹೋರಾಟದಲ್ಲೇ. ಗಾಂಧೀಜಿಯೂ ತಮ್ಮ ಪತ್ರಿಕೆಯಲ್ಲಿ ಈ ಬಗ್ಗೆ ಬರೆದು, ರೈತರ ಮಾತು ಕೇಳಿ ಎಂದು ಟಾಟಾ ಮನೆತನಕ್ಕೆ ಮನವಿ ಮಾಡಿದರು. ಟಾಟಾಗಳ ಉದ್ಯಮ ದೇಶದ ಸ್ವತ್ತು ಎಂದು ನಂಬಿದ್ದವರಿಗೆ ಇದು ಕಷ್ಟದ ಇಕ್ಕಟ್ಟು. ಜಮೀನಿನ ಹಕ್ಕು ಪುಣೆಯ ಸಾಹುಕಾರರ ಕೈಯಲ್ಲಿ, ಉಳುಮೆ ಮಾವಳರದು. ಪರಿಹಾರ ತೆಗೆದುಕೊಳ್ಳಬೇಕೇ ಬೇಡವೇ ಎಂಬಲ್ಲಿ ಹೋರಾಟ ಒಡೆಯಿತು. 1924ರ ಹೊತ್ತಿಗೆ ಚಳವಳಿ ಮುಗಿದಿತ್ತು. ಆಮೇಲೆ ಕಣಿವೆ ಮುಳುಗಿತು.

ಪುಣೆಯ ಮೈದಾನದಲ್ಲಿ ಹೊಲಗೆಲಸದ ಹುಡುಗರ ಕಾಲುಗಳನ್ನು ಕಂಡು ಬೆರಗಾದ ಮನುಷ್ಯನೂ ಮುಳಶಿಯ ಹೊಲಗಳನ್ನು ನೀರಿಗೆ ಕೊಟ್ಟ ಕಂಪನಿಯ ಯಜಮಾನನೂ ಒಬ್ಬರೇ. ಎರಡು ಘಟನೆಗಳ ನಡುವೆ ಎರಡು ವರ್ಷದ ಅಂತರವೂ ಸರಿಯಾಗಿ ಇಲ್ಲ. ದೊರಾಬ್ಜಿ ಕಪಟಿ ಎಂದು ನಾನು ಹೇಳುತ್ತಿಲ್ಲ. ಅವರಿಗೆ ವಿದ್ಯುತ್ತು ಕೂಡ ದೇಶಸೇವೆಯೇ ಆಗಿತ್ತು. ಗಿರಣಿಗಳ ಕಲ್ಲಿದ್ದಲ ಹೊಗೆಯಿಂದ ಮುಂಬಯಿ ಉಸಿರಾಡಬೇಕು ಎಂದು ತಂದೆ ಕಂಡ ಕನಸು ಅದು. ಆದರೆ ಓಟಗಾರನನ್ನು ಒಬ್ಬನೇ ಒಬ್ಬ ಮನುಷ್ಯನಾಗಿ, ಹೆಸರು ಹಿಡಿದು ನೋಡಬಲ್ಲ ಕಣ್ಣಿಗೆ ಒಂದು ಕಣಿವೆಯ ಜನ ಬರೀ ಜಮೀನಿನ ಲೆಕ್ಕವಾಗಿ ಕಾಣುವುದು ಹೇಗೆ? ಶರಾವತಿ ಮುಳುಗಡೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಜೆಮ್‌ಶೆಡ್‌ಪುರದಲ್ಲೂ ಅಷ್ಟೇ. ಎಂಟು ಗಂಟೆಯ ದುಡಿಮೆಯನ್ನು ಕಾನೂನು ಹೇಳುವ ಮೊದಲೇ, 1912ರಲ್ಲೇ, ತಂದ ಕಾರ್ಖಾನೆ ಅದು. 1920ರಲ್ಲಿ ದೊಡ್ಡ ಮುಷ್ಕರ ಕಂಡ ಕಾರ್ಖಾನೆಯೂ ಅದೇ. ದಯೆ ಮೇಲಿನಿಂದ ಬಂದಾಗ ಕೈ ಮುಗಿದವರು, ಹಕ್ಕು ಕೆಳಗಿನಿಂದ ಕೇಳಿದಾಗ ಬೇರೆಯದೇ ಉತ್ತರ ಪಡೆದರು.

1924 ಅವರ ಬದುಕಿನ ಅತ್ಯಂತ ಬಿರುಸಿನ ವರ್ಷ. ಮಹಾಯುದ್ಧದ ನಂತರ ಉಕ್ಕಿನ ಕಾರ್ಖಾನೆ ದೊಡ್ಡ ಮಟ್ಟದಲ್ಲಿ ವಿಸ್ತರಣೆಗೆ ಕೈಹಾಕಿತ್ತು. ಖರ್ಚು ಏರಿತು, ಹೊರದೇಶದ ಅಗ್ಗದ ಉಕ್ಕು ಬಂದು ಬೆಲೆ ಕುಸಿಯಿತು, ದೊಡ್ಡ ಗಿರಾಕಿಯಾಗಿದ್ದ ಜಪಾನ್ 1923ರ ಭೂಕಂಪದಲ್ಲಿ ನೆಲಕಚ್ಚಿತು. ಒಂದು ದಿನ ಜೆಮ್‌ಶೆಡ್‌ಪುರದಿಂದ ತಂತಿ ಬಂತು, ಸಂಬಳ ಕೊಡಲು ಹಣವಿಲ್ಲ ಎಂದು. ದೊರಾಬ್ಜಿ ಇಂಪೀರಿಯಲ್ ಬ್ಯಾಂಕಿಗೆ ಹೋಗಿ ತಮ್ಮ ಸ್ವಂತ ಆಸ್ತಿಯನ್ನೆಲ್ಲ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಅಡವಿಟ್ಟದ್ದರಲ್ಲಿ ಮೆಹರ್‌ಬಾಯಿಯ ಒಡವೆಗಳೂ ಇದ್ದವು. ಹೆಂಡತಿಗೆಂದು ಪ್ರೀತಿಯಿಂದ ಕೊಂಡಿದ್ದ 245 ಕ್ಯಾರೆಟ್ ತೂಕದ ಜುಬಿಲಿ ವಜ್ರವೂ ಇತ್ತು. ಕೊಹಿನೂರಿನ ಎರಡರಷ್ಟಕ್ಕಿಂತ ಹೆಚ್ಚು ತೂಗುವ ಕಲ್ಲು ಅದು. ಗಂಡ ವ್ಯಾಪಾರದಲ್ಲಿ ಸಿಕ್ಕಿಕೊಂಡಾಗ ಹೆಂಡತಿ ಕೊರಳ ಸರ ತೆಗೆದುಕೊಡುವುದು ನಮ್ಮಲ್ಲಿ ಮನೆಮನೆಯ ಕಥೆ. ಇಲ್ಲಿ ಸರ ಸ್ವಲ್ಪ ದೊಡ್ಡದು, ಅಷ್ಟೇ. ಅದೇ ವರ್ಷ ಸರ್ಕಾರ ಉಕ್ಕಿಗೆ ರಕ್ಷಣಾ ಸುಂಕದ ಕಾಯ್ದೆ ತಂದಿತು. ಕಾರ್ಖಾನೆ ಉಳಿಯಿತು.

ನನ್ನ ಕುತೂಹಲ ಇರುವುದು ಬೇರೆ ಕಡೆ. ಅದೇ 1924ರ ಮೊದಲಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕ್ರೀಡಾಕೂಟ ನಡೆದು, ಅಲ್ಲಿ ಗೆದ್ದವರಲ್ಲಿ ಕೆಲವರನ್ನು ಪ್ಯಾರಿಸ್ ಒಲಿಂಪಿಕ್ಸಿಗೆ ಆರಿಸಲಾಯಿತು. ಆಂಟ್ವರ್ಪ್‌ನ ತಂಡ ಒಂದು ಜಿಮ್ಖಾನಾದ ಹುರುಪಿನಲ್ಲಿ ಹುಟ್ಟಿದ್ದರೆ, ಈ ಸಲ ಪ್ರಾಂತ್ಯ ಪ್ರಾಂತ್ಯಗಳಲ್ಲಿ ಸ್ಪರ್ಧೆ ನಡೆಸಿ ಆಯ್ಕೆ ಮಾಡುವ ಕ್ರಮ ಬಂದಿತ್ತು. ಅದರ ಹಿಂದಿನ ಓಡಾಟದಲ್ಲಿ ಮದರಾಸಿನ ವೈಎಂಸಿಎಯ ಡಾಕ್ಟರ್ ನೋಹ್ರೆನ್ ಮತ್ತು ಹ್ಯಾರಿ ಬಕ್ ಇದ್ದರು. ಬಕ್ 1920ರಲ್ಲಿ ಮದರಾಸಿನಲ್ಲಿ ತೆರೆದ ದೈಹಿಕ ಶಿಕ್ಷಣ ಕಾಲೇಜೇ ದಕ್ಷಿಣದ ಶಾಲೆಗಳಿಗೆ ಡ್ರಿಲ್ ಮೇಷ್ಟ್ರುಗಳನ್ನು ತಯಾರು ಮಾಡಿದ್ದು. ಒಲಿಂಪಿಕ್ ಸಂಘಟನೆಯ ಅಧ್ಯಕ್ಷರು ದೊರಾಬ್ಜಿ. ಮನೆಯ ಒಡವೆ ಬ್ಯಾಂಕಿನಲ್ಲಿರುವಾಗ ಹುಡುಗರ ಉದ್ದ ಜಿಗಿತದ ಲೆಕ್ಕ ನೋಡುವ ತಾಳ್ಮೆ ಅವರಿಗಿತ್ತು. ವ್ಯಾಪಾರ ಮುಳುಗುತ್ತಿರುವಾಗ ಮೊದಲು ಕತ್ತರಿ ಬೀಳುವುದು ಇಂಥ 'ಹವ್ಯಾಸ'ಗಳಿಗೆ. ಅವರು ಕತ್ತರಿ ಹಾಕಲಿಲ್ಲ, ಎಂದರೆ ಅದು ಹವ್ಯಾಸವಾಗಿರಲಿಲ್ಲ.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು. ಮೊದಲ ಅಧ್ಯಕ್ಷರು ದೊರಾಬ್ಜಿ, ಕಾರ್ಯದರ್ಶಿ ನೋಹ್ರೆನ್. ಮರುವರ್ಷ ಆಮ್ಸ್ಟರ್ಡ್ಯಾಮಿನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಾಗ ಅಧ್ಯಕ್ಷಗಿರಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ಕೈಗೆ ಹೋಗುವ ಹೊತ್ತು. ದೊರಾಬ್ಜಿಗೆ ಎಪ್ಪತ್ತು ಸಮೀಪಿಸುತ್ತಿತ್ತು. ವ್ಯಾಪಾರಿಯ ಕಾಲ ಮುಗಿದು ಆಟದ ಸಂಸ್ಥೆಗಳಿಗೆ ಮಹಾರಾಜರ ಕಾಲ ಬಂತು. ಆಮೇಲೆ ಯಾರ ಕಾಲ ಬಂತು ಎಂಬುದು ಓದುಗರಿಗೆ ಗೊತ್ತೇ ಇದೆ.

ತಮ್ಮ ರತನ್‌ಜಿ 1918ರಲ್ಲೇ ಇಂಗ್ಲೆಂಡಿನಲ್ಲಿ ತೀರಿಕೊಂಡಿದ್ದರು. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರ ಹೋರಾಟಕ್ಕೆ ಹಣ ಕಳಿಸಿದ, ಪಾಟಲಿಪುತ್ರದ ಉತ್ಖನನಕ್ಕೆ ದುಡ್ಡು ಕೊಟ್ಟ ತಮ್ಮ. 1931ರ ಜೂನ್‌ನಲ್ಲಿ ವೇಲ್ಸಿನ ಒಂದು ಆಸ್ಪತ್ರೆಯಲ್ಲಿ ಮೆಹರ್‌ಬಾಯಿ ತೀರಿಕೊಂಡರು. ಆಗಿನ್ನೂ ಐವತ್ತೊಂದು ವರ್ಷ. ರಕ್ತದ ಕ್ಯಾನ್ಸರ್, ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಲಂಡನ್ನಿನ ಹತ್ತಿರದ ಬ್ರೂಕ್‌ವುಡ್ ಸ್ಮಶಾನದಲ್ಲಿ, ಮಾವ ಮತ್ತು ಮೈದುನ ಮಲಗಿದ ಪಾರ್ಸಿ ಆವರಣದಲ್ಲೇ, ಅವರಿಗೂ ಸಮಾಧಿಯಾಯಿತು.

ಮುಂದಿನ ಒಂದು ವರ್ಷದಲ್ಲಿ ದೊರಾಬ್ಜಿ ಮಾಡಿದ್ದು ತಮ್ಮದೆಂಬುದನ್ನೆಲ್ಲ ಬಿಡುವ ಕೆಲಸ. ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆ ಒಂದು ನಿಧಿ. ಉಳಿದ ಆಸ್ತಿಗೆ, ಷೇರುಗಳಿಂದ ಹಿಡಿದು ವಜ್ರದವರೆಗೆ, ಇನ್ನೊಂದು ಟ್ರಸ್ಟ್. ಅದರ ಹಣವನ್ನು ಊರು, ದೇಶ, ಮತ ನೋಡದೆ ವಿದ್ಯೆಗೆ, ಸಂಶೋಧನೆಗೆ, ಕಷ್ಟದಲ್ಲಿರುವವರಿಗೆ ಬಳಸಬೇಕೆಂದು ಪತ್ರ ಮಾಡಿಟ್ಟರು. 1932ರ ಏಪ್ರಿಲ್‌ನಲ್ಲಿ ಹೆಂಡತಿಯ ಸಮಾಧಿ ನೋಡಲೆಂದು ಯುರೋಪಿಗೆ ಹೊರಟರು. ಜೂನ್ 3ರಂದು ಜರ್ಮನಿಯ ಬಾಟ್ ಕಿಸಿಂಗೆನ್‌ನಲ್ಲಿ ಪ್ರಾಣ ಹೋಯಿತು. ದೇಹವನ್ನು ಬ್ರೂಕ್‌ವುಡ್‌ಗೆ ತಂದು ಮೆಹರ್‌ಬಾಯಿಯ ಪಕ್ಕದಲ್ಲೇ ಇಟ್ಟರು.

ಜುಬಿಲಿ ವಜ್ರ ಮಾರಾಟವಾಗಿ ಹಣ ಟ್ರಸ್ಟಿಗೆ ಸೇರಿತು. ಆ ಟ್ರಸ್ಟಿನಿಂದ 1936ರಲ್ಲಿ ಮುಂಬಯಿಯಲ್ಲಿ ಸಮಾಜ ವಿಜ್ಞಾನಗಳ ಶಾಲೆ, 1941ರಲ್ಲಿ ಕ್ಯಾನ್ಸರ್ ಆಸ್ಪತ್ರೆ ಹುಟ್ಟಿದವು. 1944ರಲ್ಲಿ ಟ್ರಸ್ಟಿಗೆ ಬೆಂಗಳೂರಿನಿಂದ ಒಂದು ಪತ್ರ ಬಂತು. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮೂವತ್ತನಾಲ್ಕು ವರ್ಷದ ಭೌತವಿಜ್ಞಾನಿ. ಮೂಲವಿಜ್ಞಾನಕ್ಕೆ ಒಂದು ಸಂಶೋಧನಾ ಸಂಸ್ಥೆ ಬೇಕು, ಹಣ ಕೊಡುತ್ತೀರಾ ಎಂದು ಕೇಳಿದ್ದರು. ಟ್ರಸ್ಟ್ ಒಪ್ಪಿತು. 1945ರ ಜೂನ್‌ನಲ್ಲಿ ಆ ಸಂಸ್ಥೆ ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನ ಕೊಟ್ಟಿದ್ದ ಆ 371 ಎಕರೆಯ ಆವರಣದಲ್ಲೇ ಕೆಲಸ ಶುರುಮಾಡಿ, ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಪತ್ರ ಬರೆದವರು ಹೋಮಿ ಭಾಭಾ. ಮೆಹರ್‌ಬಾಯಿಯ ಸಹೋದರ ಜಹಾಂಗೀರರ ಮಗ, ಜಮ್‌ಶೆಟ್‌ಜಿ ತಪ್ಪದೆ ಕಂಡು ಬಾ ಎಂದಿದ್ದ ಹಾರ್ಮಸ್‌ಜಿ ಭಾಭಾ ಅವರ ಮೊಮ್ಮಗ.